ಪ್ರಾಸ್ಟೇಟ್ ಕ್ಯಾನ್ಸರ್: ಆಪರೇಷನ್ನೋ, ರೇಡಿಯೇಷನ್ನೋ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಅದಕ್ಕೆ ಒಂದೂವರೆ ವರ್ಷದಿಂದ ಟ್ಯಾಮ್ಸುಲೋಸಿನ್ ಮತ್ತು ಡ್ಯೂಟಾಸ್ಟರೈಡ್ ಸೇರಿದ ಮಾತ್ರೆ ನುಂಗುತ್ತಿದ್ದಾರೆ. ಹೋದ ತಿಂಗಳು ಪ್ರಾಸ್ಟೇಟಿನ ರಕ್ತಪರೀಕ್ಷೆಯಾದ ಪಿಎಸ್‌ಎ 6.4 ಬಂತು. ಬಯಾಪ್ಸಿಯಲ್ಲಿ ಕ್ಯಾನ್ಸರ್, ಅದರ ಉಗ್ರತೆ ಹೇಳುವ ಗ್ಲೀಸನ್ ಅಂಕ 3+4=7. ಎಂಆರ್‌ಐ ಪ್ರಕಾರ ಪ್ರಾಸ್ಟೇಟ್ ಗ್ರಂಥಿಯಿಂದ ಆಚೆ ಹೋಗಿಲ್ಲ. ಒಬ್ಬ ಡಾಕ್ಟರು ರೋಬೋಟಿಕ್ ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ರೇಡಿಯೇಷನ್. ನೆಂಟರು ‘ಈ ವಯಸ್ಸಲ್ಲಿ ಸುಮ್ಮನೆ ಬಿಡಿ’ ಅನ್ನುತ್ತಾರೆ. ಏನು ಮಾಡುವುದು?
– ದಾವಣಗೆರೆಯ ಓದುಗರು

ಉತ್ತರ: ಮೊದಲು ಆ ಮಾತ್ರೆಯ ವಿಷಯ. ಡ್ಯೂಟಾಸ್ಟರೈಡನ್ನು ಆರು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಿಮ್ಮ ತಂದೆಯವರ 6.4 ಅನ್ನು ಸುಮಾರು 13 ಎಂದೇ ಓದಬೇಕು. ಪಿಎಸ್‌ಎ 10 ದಾಟಿ, ಗ್ಲೀಸನ್ನೂ 7 ಇದ್ದರೆ ಅದು ಮಧ್ಯಮ ಅಪಾಯದ ಗುಂಪಿನಲ್ಲೂ ಮೇಲಿನ ಹಂತ. ಮಾತ್ರೆಯ ಚೀಟಿಯನ್ನು ಇಬ್ಬರು ಡಾಕ್ಟರಿಗೂ ತೋರಿಸಿ. ಎಷ್ಟೋ ಸಲ ಇದೊಂದು ವಿವರ ಫೈಲಿನಲ್ಲೇ ಇರುವುದಿಲ್ಲ, ಲೆಕ್ಕವೆಲ್ಲ ತಪ್ಪುತ್ತದೆ. ಎಲುಬಿಗೆ ಹರಡಿದೆಯೇ ಎಂದು ನೋಡುವ ಬೋನ್ ಸ್ಕ್ಯಾನ್ ಅಥವಾ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬೇಕೇ ಎಂದು ಕೇಳಿ.

ಸುಮ್ಮನೆ ಬಿಡುವುದು ಬೇರೆ, ಕಣ್ಣಿಟ್ಟು ಕಾಯುವುದು ಬೇರೆ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ ಮತ್ತು ಮರು ಬಯಾಪ್ಸಿ ಮಾಡಿಸುತ್ತಾ ಕಾಯುವುದು ಮುಖ್ಯವಾಗಿ ಗ್ಲೀಸನ್ 6, ಪಿಎಸ್‌ಎ 10ರೊಳಗೆ ಇರುವವರಿಗೆ ಹೇಳಿ ಮಾಡಿಸಿದ ದಾರಿ. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಕಣ್ಗಾವಲು, ಆಪರೇಷನ್, ರೇಡಿಯೇಷನ್ ಎಂದು ಮೂರು ಗುಂಪು ಮಾಡಿ 15 ವರ್ಷ ನೋಡಿದರು. ಈ ಕ್ಯಾನ್ಸರಿನಿಂದ ತೀರಿಕೊಂಡವರು ಮೂರು ಗುಂಪಿನಲ್ಲೂ ನೂರಕ್ಕೆ ಎರಡು-ಮೂರು ಮಂದಿ ಮಾತ್ರ. ಆದರೆ ರೋಗ ದೂರಕ್ಕೆ ಹರಡಿದ್ದು ಕಣ್ಗಾವಲಿನವರಲ್ಲಿ ನೂರಕ್ಕೆ ಸುಮಾರು 9, ಉಳಿದೆರಡರಲ್ಲಿ ಸುಮಾರು 5. ಅವರಲ್ಲಿ ಹೆಚ್ಚಿನವರ ರೋಗ ನಿಮ್ಮ ತಂದೆಯವರದಕ್ಕಿಂತ ಸೌಮ್ಯವಾಗಿತ್ತು. ಹಾಗಾಗಿ ಕಾಯುವ ಸಲಹೆಯನ್ನು ನಾನು ಕೊಡುವುದಿಲ್ಲ.

ಇನ್ನುಳಿದ ಎರಡರಲ್ಲಿ ಒಂದನ್ನು ಆರಿಸಲು ದಾರಿ ತೋರುವುದು ಆ ರಾತ್ರಿ ಏಳುವ ತೊಂದರೆಯೇ. ಮೂತ್ರದ ಧಾರೆಯ ವೇಗ ಅಳೆಯುವ ಯೂರೋಫ್ಲೋ ಪರೀಕ್ಷೆ ಮಾಡಿಸಿ. ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಸಿ. ಧಾರೆ ತೀರಾ ಸಣ್ಣಗಿದ್ದು ಒಳಗೆ ಬಹಳ ಉಳಿಯುತ್ತಿದ್ದರೆ ರೇಡಿಯೇಷನ್‌ನಿಂದ ಗ್ರಂಥಿ ಊದಿಕೊಂಡು ಮೂತ್ರ ಪೂರ್ತಿ ಕಟ್ಟಿಕೊಳ್ಳುವ ಭಯವಿದೆ. ಅಂಥವರಿಗೆ ಆಪರೇಷನ್ನು ಕ್ಯಾನ್ಸರನ್ನೂ ಅಡ್ಡಿಯನ್ನೂ ಒಟ್ಟಿಗೆ ತೆಗೆಯುತ್ತದೆ.

ಆಪರೇಷನ್ ಆದರೆ ಒಂದರಿಂದ ಎರಡು ವಾರ ಕ್ಯಾತಿಟರ್ (ಮೂತ್ರ ಹೋಗಲು ಹಾಕುವ ನಳಿಕೆ) ಇರುತ್ತದೆ. ಅದನ್ನು ತೆಗೆದ ದಿನದಿಂದ ಕೆಮ್ಮಿದರೆ, ಕುಳಿತಲ್ಲಿಂದ ಎದ್ದರೆ ಮೂತ್ರ ಸೋರುತ್ತದೆ. ಅದೇ ಅಧ್ಯಯನದಲ್ಲಿ ಆರು ತಿಂಗಳಾದಾಗ ಆಪರೇಷನ್ ಗುಂಪಿನ ಅರ್ಧದಷ್ಟು ಮಂದಿ ಪ್ಯಾಡ್ ಕಟ್ಟುತ್ತಿದ್ದರು, ಆರು ವರ್ಷಕ್ಕೆ ಅದು ನೂರಕ್ಕೆ 17ಕ್ಕೆ ಇಳಿಯಿತು. ಮೂತ್ರ ತಡೆದು ಹಿಡಿಯುವಂತೆ ಸ್ನಾಯು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮವನ್ನು ಆಪರೇಷನ್ನಿಗೆ ಮೊದಲೇ ಕಲಿಯಲಿ. ಕ್ಯಾತಿಟರ್ ಇರುವಾಗ ಮಾಡುವುದು ಬೇಡ. ಎರಡು ತಿಂಗಳ ಹೊತ್ತಿಗೆ ಪಿಎಸ್‌ಎ 0.1ಕ್ಕಿಂತ ಕೆಳಗಿರಬೇಕು.

ರೇಡಿಯೇಷನ್ ಈಗ ಹಲವು ಕಡೆ 20 ದಿನದ್ದು. ದಿನವೂ ಮೂತ್ರಚೀಲ ತುಂಬಿಸಿಕೊಂಡು, ಮಲ ಖಾಲಿ ಮಾಡಿಕೊಂಡು ಮಲಗಬೇಕು. ಇಲ್ಲದಿದ್ದರೆ ಕರುಳಿನ ಮೇಲೆ ಕಿರಣ ಬಿದ್ದು ಆಮೇಲೆ ರಕ್ತ ಬೀಳಬಹುದು. ಈ ಹಂತಕ್ಕೆ ಜೊತೆಗೆ ನಾಲ್ಕರಿಂದ ಆರು ತಿಂಗಳ ಹಾರ್ಮೋನ್ ಇಂಜೆಕ್ಷನ್ ಸಾಮಾನ್ಯ. ಅದರಿಂದ ಸಕ್ಕರೆ ಏರುತ್ತದೆ, ಆದ್ದರಿಂದ ಸಕ್ಕರೆಯ ಡಾಕ್ಟರಿಗೆ ಮೊದಲೇ ತಿಳಿಸಿ. ಇಲ್ಲಿ ಪಿಎಸ್‌ಎ ನಿಧಾನವಾಗಿ ಇಳಿಯುತ್ತದೆ. ಅತಿ ಕಡಿಮೆ ಮಟ್ಟ ಮುಟ್ಟಿದ ಮೇಲೆ ಮತ್ತೆ 2 ಏರಿದರೆ ರೋಗ ಮರುಕಳಿಸಿದೆ ಎಂದು ಲೆಕ್ಕ. ಆಪರೇಷನ್ ಆದಮೇಲೆ ಬೇಕಾದರೆ ರೇಡಿಯೇಷನ್ ಕೊಡಬಹುದು; ರೇಡಿಯೇಷನ್ ಆದಮೇಲೆ ಆಪರೇಷನ್ ಬಹಳ ಕಷ್ಟ.

ಅವಸರ ಬೇಡ. ಬಯಾಪ್ಸಿಯ ಗಾಯ ಮಾಯಲು ಸರ್ಜನ್ನರೇ ಸಾಮಾನ್ಯವಾಗಿ ಆರೆಂಟು ವಾರ ಬಿಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆರೋಗ್ಯ ಯೋಜನೆಯ ನೆರವಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಈಗಲೇ ಕಾಣಿ.

ಇನ್ನೊಂದು ಮಾತು. ಎರಡು ಚಿಕಿತ್ಸೆಯಲ್ಲೂ ಲೈಂಗಿಕ ಶಕ್ತಿ ಕುಗ್ಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಮಕ್ಕಳ ಎದುರು ತಂದೆ ಇದನ್ನು ಬಾಯಿಬಿಟ್ಟು ಕೇಳಲಾರರು. ಡಾಕ್ಟರ ಕೋಣೆಯಿಂದ ಹತ್ತು ನಿಮಿಷ ನೀವು ಹೊರಗೆ ಬನ್ನಿ. ಅವರೊಬ್ಬರೇ, ಇಲ್ಲವೇ ಅಮ್ಮನ ಜೊತೆ, ಮಾತಾಡಲಿ.