ಲೀಥಿಯಂ-11 ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ನ್ಯೂಟ್ರಾನ್ ದಂಪತಿ’ ಲೇಖನ ತಲುಪಿತು. ಭಾಷೆ ಸರಾಗವಾಗಿದೆ, ವಿಷಯದ ಆಯ್ಕೆಯೂ ಚೆನ್ನಾಗಿದೆ. ನ್ಯೂಕ್ಲಿಯಸ್ಸಿನ ಒಳಗಿನ ಸಂಗತಿಯನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ, ಹಾಗಾಗಿ ಆಸೆಯಿಂದಲೇ ಓದಲು ಕೂತೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು.

ನಿಮ್ಮ ಸಾಲು ಇದು: “ಒಂಟಿತನ ಸಹಿಸದ ಎರಡು ನ್ಯೂಟ್ರಾನುಗಳು ಮೆಚ್ಚಿ ಮದುವೆಯಾಗಿ, ಲೀಥಿಯಂ-9ರ ಮನೆಗೆ ಬಾಡಿಗೆಗೆ ಬರುತ್ತವೆ.” ಓದಲು ಹಿತವಾಗಿದೆ, ಆದರೆ ನಿಜವಲ್ಲ. ಲೀಥಿಯಂ-11 ಎಂದರೆ ಲೀಥಿಯಂ-9ರ ತಿರುಳು, ಜೊತೆಗೆ ಎರಡು ನ್ಯೂಟ್ರಾನು; ಹೆಸರಿನ ಮುಂದಿನ ಸಂಖ್ಯೆ ನ್ಯೂಕ್ಲಿಯಸ್ಸಿನೊಳಗಿನ ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಎಣಿಕೆ. ಬರೀ ಎರಡು ನ್ಯೂಟ್ರಾನುಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಅವು ಕೂಡಿ ನಿಲ್ಲುವುದಿಲ್ಲ. ನಡುವಿನ ಸೆಳೆತ ಅದಕ್ಕೆ ಕೂದಲೆಳೆಯಷ್ಟು ಸಾಲದು. ಲೀಥಿಯಂ-9ಕ್ಕೆ ಒಂದೇ ನ್ಯೂಟ್ರಾನ್ ಸೇರಿಸಿದರೂ ನಿಲ್ಲುವುದಿಲ್ಲ. ಲೀಥಿಯಂ-10 ಹುಟ್ಟಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ತಿರುಳು ಮತ್ತು ಎರಡು ನ್ಯೂಟ್ರಾನು, ಮೂರೂ ಸೇರಿದಾಗ ಮಾತ್ರ ಕಟ್ಟು ಬೀಳುತ್ತದೆ. ಒಂದನ್ನು ತೆಗೆದರೆ ಉಳಿದೆರಡೂ ಚದುರುತ್ತವೆ. ನಿಮ್ಮ ಲೇಖನದ ಜೀವ ಇರಬೇಕಾದ್ದು ಇಲ್ಲಿ. ಮೊದಲೇ ಮದುವೆಯಾಗಿ ಬಂದವರು ಎಂದುಬಿಟ್ಟರೆ, ಆ ಮನೆ ಇಲ್ಲದೆಯೂ ಅವರು ಬಾಳುತ್ತಿದ್ದರು ಎಂದಾಯಿತಲ್ಲ!

ಮುಂದಿನ ಸಾಲು: “ಈ ಬಂಧ ಮುರಿಯಲಾಗದಷ್ಟು ಗಟ್ಟಿ.” ಇದು ಎಲ್ಲಿಂದ ಬಂತು? ಸ್ಥಿರವಾದ ನ್ಯೂಕ್ಲಿಯಸ್ಸುಗಳಲ್ಲಿ ಒಂದು ನ್ಯೂಟ್ರಾನ್ ಕೀಳಲು ಸಾಮಾನ್ಯವಾಗಿ 6ರಿಂದ 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು. ಇಲ್ಲಿ ಎರಡನ್ನೂ ಒಟ್ಟಿಗೆ ಕೀಳಲು 0.37 ಸಾಕು. ಅಷ್ಟು ಸಡಿಲವಾಗಿರುವುದರಿಂದಲೇ ಅವು ತಿರುಳಿನಿಂದ ಬಹುದೂರ ಹರಡಿಕೊಂಡಿವೆ.

ಅದರ ಮುಂದಿನದು: “ವಿಜ್ಞಾನಿಗಳು ಇದನ್ನು ಕಂಡು ಬೆರಗಾದರು.” ಈ ಸಾಲನ್ನು ನಾನು ಸುಮ್ಮನೆ ದಾಟಲಾರೆ. ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸದರಲ್ಲಿ ನನ್ನ ಮೇಲಿದ್ದ ಹಿರಿಯರು, ಯಾರದೇ ಕಾಪಿಯಲ್ಲಿ ‘ವಿಜ್ಞಾನಿಗಳು’ ಎಂಬ ಪದ ಬಂದರೆ ಪೆನ್ಸಿಲಿನ ತುದಿಯನ್ನು ಅದರ ಮೇಲಿಟ್ಟು ನಿಲ್ಲಿಸುತ್ತಿದ್ದರು. “ಯಾರಪ್ಪಾ? ಏನು ಅಳೆದರು? ಹೇಗೆ ಅಳೆದರು?” ಉತ್ತರ ಸಿಗುವವರೆಗೆ ಪೆನ್ಸಿಲು ಕದಲುತ್ತಿರಲಿಲ್ಲ. ಒಮ್ಮೆ ನಕ್ಷತ್ರದ ದೂರದ ಬಗ್ಗೆ ಬಂದ ಸುದ್ದಿ ಹಿಡಿದು ನನ್ನನ್ನು ಲೈಬ್ರರಿಗೆ ಅಟ್ಟಿದರು. ಸಂಜೆ ಬರೆದುಕೊಟ್ಟ ಪ್ಯಾರಾದಲ್ಲಿ ಅಳತೆಯ ವಿಧಾನ ಹೇಳುವ ಒಂದು ವಾಕ್ಯ ಉಳಿಸಿ, ಮಿಕ್ಕಿದ್ದನ್ನೆಲ್ಲ ಹೊಡೆದುಹಾಕಿದರು. ಆ ವಾಕ್ಯವನ್ನು ಮರುದಿನ ಅಚ್ಚಿನಲ್ಲಿ ಓದಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಅವರ ಪ್ರಶ್ನೆಗಳನ್ನೇ ನಿಮ್ಮ ಸಾಲಿಗೆ ಹಾಕಿ ನೋಡಿ. 1985ರಲ್ಲಿ ಭೌತವಿಜ್ಞಾನಿ ಇಸಾವೊ ತನಿಹಾತ ಮತ್ತು ಸಂಗಡಿಗರು ಅಮೆರಿಕದ ಬರ್ಕ್ಲಿಯಲ್ಲಿ ಲೀಥಿಯಂ ಐಸೊಟೋಪುಗಳನ್ನು (ನ್ಯೂಟ್ರಾನುಗಳ ಎಣಿಕೆಯಲ್ಲಷ್ಟೇ ಬೇರೆಯಾದ ಲೀಥಿಯಂಗಳನ್ನು) ಕಾರ್ಬನ್ನಿನಂಥ ಗುರಿಗಳ ಮೇಲೆ ಹಾಯಿಸಿ, ಎಷ್ಟು ಡಿಕ್ಕಿ ಹೊಡೆದವು, ಎಷ್ಟು ಹಾಗೇ ದಾಟಿದವು ಎಂದು ಎಣಿಸಿದರು. ದೊಡ್ಡದಿದ್ದಷ್ಟೂ ಡಿಕ್ಕಿ ಹೆಚ್ಚು. 6, 7, 8, 9ರವರೆಗೆ ಗಾತ್ರದಲ್ಲಿ ಅಂಥ ವ್ಯತ್ಯಾಸವಿಲ್ಲ. 10 ಪಟ್ಟಿಯಲ್ಲೇ ಇಲ್ಲ. 11ಕ್ಕೆ ಬಂದಾಗ ಗಾತ್ರ ಥಟ್ಟನೆ ಹಿಗ್ಗಿತ್ತು. ಒಂದು ಸೆಕೆಂಡಿನ ಸುಮಾರು ನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ಬಾಳುವ ವಸ್ತುವಿನ ಅಳತೆ ಇದು.

ಜೋಡಿ ಎನ್ನಲು ಆಧಾರವೂ ಇದೆ. 2006ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯಲ್ಲಿ ತಕಾಶಿ ನಕಮುರ ಅವರ ತಂಡ ಲೀಥಿಯಂ-11ನ್ನು ಸೀಸದ ಪಕ್ಕದಲ್ಲಿ ಹಾಯಿಸಿತು. ಸೀಸದ ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿ ಅದು ಒಡೆಯಿತು. ಒಡೆದ ಬಗೆಯಿಂದ ಲೆಕ್ಕ ಹಾಕಿದಾಗ, ತಿರುಳಿನಿಂದ ನೋಡಿದರೆ ಎರಡು ನ್ಯೂಟ್ರಾನುಗಳ ನಡುವಿನ ಕೋನ ಸರಾಸರಿ ಸುಮಾರು 48 ಡಿಗ್ರಿ ಎಂದು ತಿಳಿಯಿತು. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 90 ಬರಬೇಕಿತ್ತು. ಅಂದರೆ ಅವು ಹೆಚ್ಚಾಗಿ ಒಂದೇ ಪಕ್ಕದಲ್ಲಿ ಹತ್ತಿರ ಹತ್ತಿರ ಇರುತ್ತವೆ. ಈ ಒಂದು ಸಂಖ್ಯೆ ನಿಮ್ಮ ಮೂರು ಪುಟದಲ್ಲಿ ಎಲ್ಲೂ ಇಲ್ಲವಲ್ಲ, ಅದು ನನಗೆ ನಿಜಕ್ಕೂ ನೋವು ತಂದಿತು.

ನಿಮ್ಮ ಲೇಖನದಲ್ಲಿರುವ ನ್ಯೂಟ್ರಾನ್ ತಾರೆಗಳ ಭಾಗದ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮದುವೆ, ಮನೆ, ಬಾಡಿಗೆ ಎಲ್ಲ ತೆಗೆದು, ಪಟ್ಟಿಯಲ್ಲಿ 10 ಯಾಕಿಲ್ಲ ಎಂಬಲ್ಲಿಂದ ಶುರುಮಾಡಿ. ಬರೆದು ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ