ಕಾಡಿನ ಅಂಚಿನಿಂದ ಪಟ್ಟಣದ ಹತ್ತಿರಕ್ಕೆ ಯಾಕೆ?

ಪ್ರಿಯ ಓದುಗರೇ,

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಒರಾಂಗುಟಾನ್ ವಾನರಗಳ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬೇಸರದಿಂದಲೇ ಕೇಳಿದ್ದೀರಿ: "ಕಾಡಿನ ಅಂಚಿನಲ್ಲಿದ್ದ ಪುನರ್ವಸತಿ ಕೇಂದ್ರ ಬಿಟ್ಟು, ಪಟ್ಟಣದ ಹತ್ತಿರ, ಯಾರಿಗೂ ಪ್ರವೇಶವಿಲ್ಲದ ಜಾಗದಲ್ಲಿ ಪಂಜರ ಕಟ್ಟಿದ್ದಾರೆ. ಇದು ಸುಧಾರಣೆಯೇ? ಸುಮ್ನೆ ಕಾಡಿಗೆ ಬಿಟ್ಟರೆ ಆಗೋದಿಲ್ವಾ?" ಮೈಸೂರು ಮೃಗಾಲಯದಲ್ಲಿ ಒರಾಂಗುಟಾನ್ ನೋಡಿದ ನಿಮ್ಮ ಮೊಮ್ಮಗಳು ಅಲ್ಲಿಂದ ಕದಲಲೇ ಇಲ್ಲ ಎಂದೂ ಬರೆದಿದ್ದೀರಿ. ಅವಳಿಗೂ ಓದಿ ಹೇಳಿ.

ಹಳೆಯ ಕೇಂದ್ರ ಶುರುವಾದದ್ದು 1973ರಲ್ಲಿ, ಗುನುಂಗ್ ಲ್ಯೂಸರ್ ಕಾಡಿನ ಅಂಚಿನ ಬುಕಿತ್ ಲಾವಾಂಗ್‌ನಲ್ಲಿ. ಸ್ವಿಟ್ಜರ್ಲೆಂಡಿನ ರೆಗಿನಾ ಫ್ರೈ ಮತ್ತು ಮೋನಿಕಾ ಬೋರ್ನರ್ ಅದನ್ನು ಕಟ್ಟಿದರು. ಜನ ಮನೆಯಲ್ಲಿ ಸಾಕಿಕೊಂಡಿದ್ದ ಮರಿಗಳನ್ನು ಬಿಡಿಸಿ ತಂದು, ಪಳಗಿಸಿ, ಅಲ್ಲ, ಪಳಗಿದ್ದನ್ನು ಮರೆಸಿ, ಅದೇ ಕಾಡಿಗೆ ಬಿಡುತ್ತಿದ್ದರು. ಆದರೆ ಹಣ್ಣು ಕೊಡುವ ಅಟ್ಟಣೆಯ ಸುತ್ತ ಪ್ರವಾಸಿಗರು ಸೇರತೊಡಗಿದರು. ವಸತಿಗೃಹಗಳು ಎದ್ದವು. ಮನುಷ್ಯರಿಂದ ದೂರವಾಗಬೇಕಾದ ಪ್ರಾಣಿಯ ಎದುರಿಗೆ ದಿನಾ ಮನುಷ್ಯರೇ.

ಅದಕ್ಕಿಂತ ಜಾಸ್ತಿ ಭಯ ರೋಗದ್ದು. ನಮ್ಮ ನೆಗಡಿ, ಕ್ಷಯ ಅವಕ್ಕೂ ಅಂಟುತ್ತವೆ. ಮನೆಯಲ್ಲಿ ಬೆಳೆದ ಮರಿ ಆ ರೋಗವನ್ನು ಕಾಡಿಗೆ ಒಯ್ದರೆ, ಅಲ್ಲೇ ಹುಟ್ಟಿ ಬೆಳೆದವುಗಳ ಗತಿ ಏನು? ಸುಮಾತ್ರಾದ ತಾಯಿ ಒರಾಂಗುಟಾನ್ ಮರಿ ಹಾಕುವುದು ಎಂಟೊಂಬತ್ತು ವರ್ಷಕ್ಕೊಮ್ಮೆ. ಅದೂ ಸಾಮಾನ್ಯವಾಗಿ ಒಂದೇ. ಕಾಡು ಒರಾಂಗುಟಾನ್‌ಗಳು ಇರುವ ಕಡೆ ಇಂಥವನ್ನು ಬಿಡಬಾರದು ಎಂದು ಇಂಡೋನೇಷ್ಯಾ ಸರ್ಕಾರ 1995ರಲ್ಲಿ ನಿಯಮ ಮಾಡಿತು.

ಸುಮಾತ್ರಾದ ಮೇದಾನ್ ನಗರದ ಹತ್ತಿರದ ಬಾತು ಎಂಬೆಲಿನ್‌ನಲ್ಲಿ 2002ರಲ್ಲಿ ಹೊಸ ಕೇಂದ್ರ ಬಂತು. ಅದರ ಬೆನ್ನಿಗೆ ನಿಂತದ್ದು ಅದೇ ರೆಗಿನಾ ಫ್ರೈ ಕಟ್ಟಿದ ಪಾನ್‌ಇಕೋ ಸಂಸ್ಥೆ. ಒಮ್ಮೆ ಕಟ್ಟಿದ್ದನ್ನು ಇನ್ನೊಂದು ಜಾಗದಲ್ಲಿ, ಇನ್ನೊಂದು ರೀತಿಯಲ್ಲಿ ಮತ್ತೆ ಕಟ್ಟಲು ಹೊರಡುವುದು ಸಣ್ಣ ಮಾತಲ್ಲ. ಆಕೆಯ ಮೇಲೆ ನನಗೆ ಬಹಳ ಗೌರವ. ಇಲ್ಲಿ ಹೊಸದಾಗಿ ಬಂದದ್ದನ್ನು ಮೊದಲು ಬೇರೆ ಇಟ್ಟು ರೋಗಪರೀಕ್ಷೆ ಮಾಡುತ್ತಾರೆ. ಆಮೇಲಷ್ಟೇ ಓರಗೆಯವುಗಳ ಜೊತೆ ಸೇರಿಸುತ್ತಾರೆ. ಪ್ರವಾಸಿಗರನ್ನು ಒಳಗೆ ಬಿಡದಿರುವುದೂ ಇದಕ್ಕೇ. ಬಿಡುವ ಕಾಡೂ ಬೇರೆಯೇ: 2003ರಿಂದ ಸುಮಾತ್ರಾದ ಜಾಂಬಿ ಪ್ರಾಂತ್ಯದ ಬುಕಿತ್ ತಿಗಾಪುಲುಹ್, 2011ರಿಂದ ಅಚೆ ಪ್ರಾಂತ್ಯದ ಜಂತೋ. ಎರಡೂ ಕಡೆ ಕಾಡಿನಲ್ಲೇ ಮರಿಗಳು ಹುಟ್ಟಿವೆ.

ಮೊಮ್ಮಗಳಿಗೆ ಗೋಬೆರ್ ಕತೆ ಹೇಳಿ. ಪೊರೆ ಬಂದು ಎರಡೂ ಕಣ್ಣು ಹೋಗಿದ್ದ ಹೆಣ್ಣು ಒರಾಂಗುಟಾನ್ ಅದು. 2011ರಲ್ಲಿ ಈ ಕೇಂದ್ರದಲ್ಲೇ ಅವಳಿ ಮರಿಗಳನ್ನು ಹಾಕಿತು. ಲ್ಯೂಸರ್ ಎಂಬ ಹೆಸರಿನ ತಂದೆಯೂ ಕುರುಡು. ಅದರ ಮೈಯಲ್ಲಿ 62 ಏರ್‌ಗನ್ ಗುಂಡುಗಳಿದ್ದವು. 2012ರಲ್ಲಿ ಗೋಬೆರ್ ಕಣ್ಣಿಗೆ ಆಪರೇಷನ್ ಆಯಿತು. ಹೆತ್ತು ಒಂದೂವರೆ ವರ್ಷವಾದ ಮೇಲೆ ಅದು ತನ್ನ ಮರಿಗಳನ್ನು ಮೊದಲ ಸಲ ಕಂಡಿತು. 2015ರಲ್ಲಿ ತಾಯಿ ಮತ್ತು ಎರಡೂ ಮರಿಗಳನ್ನು ಜಂತೋ ಕಾಡಿಗೆ ಬಿಟ್ಟರು. ಮರಿಗಳಲ್ಲಿ ಗಿಂತಿಂಗ್ ತಾಯಿಯ ಜೊತೆ ಮರದಿಂದ ಮರಕ್ಕೆ ಹೊರಟುಹೋಯಿತು. ಇನ್ನೊಂದು ಮರಿ ಗಂತೆಂಗ್‌ಗೆ ಅದು ಆಗಲಿಲ್ಲ, ಹಿಂದೆ ಉಳಿಯಿತು. ಅದನ್ನು ಮತ್ತೆ ವಾಪಸ್ ಕರೆತಂದರು. "ಸುಮ್ನೆ ಬಿಟ್ಟರೆ ಆಗೋದಿಲ್ವಾ" ಎಂದು ಓದಿದಾಗ ನನಗೆ ನೆನಪಾದದ್ದು ಆ ಮರಿ.

- ಸಂಪಾದಕ