ಇಂಟರ್‌ಕೂಲರ್ ದೊಡ್ಡದಾದರೆ ಸಾಲದು, ಗಾಳಿ ಸೋರಬಾರದು

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ಘಾಟಿ ಹತ್ತುವಾಗ ಮೊದಲ ಐದು ನಿಮಿಷ ಚೆನ್ನಾಗಿ ಎಳೆಯುತ್ತದೆ, ಆಮೇಲೆ ಮಂಕಾಗುತ್ತದೆ. ದೊಡ್ಡ ಇಂಟರ್‌ಕೂಲರ್ ಹಾಕಿದರೆ ಸರಿಹೋದೀತೇ?

ಉತ್ತರ: ಸರಿಹೋಗಬಹುದು, ಆದರೆ ಅಳೆದು ನೋಡದೆ ಕೊಳ್ಳಬೇಡಿ. ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ; ಒತ್ತಿದಾಗ ಕಾದ ಆ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. 30 ಡಿಗ್ರಿಯ ಗಾಳಿಯನ್ನು ಟರ್ಬೊ 1 ಬಾರ್ ಬೂಸ್ಟಿಗೆ (ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡಕ್ಕೆ) ಒತ್ತಿದರೆ, ಶೇ 70 ದಕ್ಷತೆಯ ಲೆಕ್ಕದಲ್ಲಿ ಅದು ಸುಮಾರು 125 ಡಿಗ್ರಿಗೆ ಕಾಯುತ್ತದೆ. ಏರಿದ ಆ 95 ಡಿಗ್ರಿಯಲ್ಲಿ ಶೇ 70ರಷ್ಟನ್ನು ಇಂಟರ್‌ಕೂಲರ್ ಇಳಿಸಿದರೆ ಎಂಜಿನ್ನಿಗೆ ಸೇರುವ ಗಾಳಿ 60ರೊಳಗೆ ಇರುತ್ತದೆ. ಚಿಕ್ಕ ಇಂಟರ್‌ಕೂಲರ್ ತಾನೇ ಕಾದುಹೋಗಿ ಆ ಗಾಳಿ 80 ಮುಟ್ಟಿದರೆ, ಗಾಳಿಯ ಸಾಂದ್ರತೆ ಶೇ 6ರಷ್ಟು ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ನಾಕಿಂಗ್ (ಬಿಸಿಗೆ ಇಂಧನ ತಾನಾಗಿಯೇ ಸಿಡಿಯುವುದು) ತಡೆಯಲು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಿಡಿ ಹಾರುವುದನ್ನು ತಡಮಾಡುತ್ತದೆ. ನಿಮಗೆ ಮಂಕು ಅನ್ನಿಸುವುದು ಮುಖ್ಯವಾಗಿ ಇದರಿಂದ.

ಒಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರ್ ಅಂಕಿಗಳನ್ನು ಓದುವ ಸಾಧನ) ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಅದೇ ಘಾಟಿಯಲ್ಲಿ ಇನ್‌ಟೇಕ್ ಉಷ್ಣಾಂಶ ಬರೆದುಕೊಳ್ಳಿ. ಎಷ್ಟು ಒತ್ತಿ ಓಡಿಸಿದರೂ ಅಂಕಿ ಹೊರಗಿನ ಬಿಸಿಯ ಹತ್ತಿರವೇ ನಿಂತಿದ್ದರೆ, ನೀವು ಓದುತ್ತಿರುವುದು ಟರ್ಬೊಗಿಂತ ಮುಂಚೆ ಇರುವ ಸೆನ್ಸರ್ ಆಗಿರಬಹುದು. ಇಂಟರ್‌ಕೂಲರ್ ದಾಟಿದ ಮೇಲಿನದು ಬೇಕು. ಆ ಅಂಕಿ ಹೊರಗಿನದಕ್ಕಿಂತ 20 ಡಿಗ್ರಿಯಷ್ಟೇ ಹೆಚ್ಚಿದ್ದರೆ ಇಂಟರ್‌ಕೂಲರ್‌ನ ತಪ್ಪಿಲ್ಲ: ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬೂಸ್ಟ್ ಸೋರಿಕೆ ನೋಡಿ. 40 ಡಿಗ್ರಿ ಮೀರಿ, ಇಳಿಯಲು ತುಂಬ ಹೊತ್ತು ಹಿಡಿದರೆ ಮಾತ್ರ ಇಂಟರ್‌ಕೂಲರ್ ಮೇಲೆ ಅನುಮಾನ. ಆಗಲೂ ಮೊದಲು ಹಳೆಯದನ್ನೇ ಗಮನಿಸಿ. ಫಿನ್ನುಗಳ (ಬಿಸಿ ಹೊರಬಿಡುವ ತೆಳು ಲೋಹದ ಪಟ್ಟಿಗಳ) ನಡುವೆ ಕೆಸರು, ಹುಳ ಕಟ್ಟಿಕೊಂಡಿದ್ದರೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ. ಪ್ರೆಷರ್ ವಾಷರ್ ಬೇಡ, ಫಿನ್ನುಗಳು ಮಡಚಿಕೊಳ್ಳುತ್ತವೆ.

ಪ್ರಶ್ನೆ: ದಪ್ಪನೆಯ ಕೋರ್ (ಫಿನ್ನುಗಳಿರುವ ನಡುಭಾಗ) ಒಳ್ಳೆಯದೋ, ಅಗಲವಾದದ್ದೋ? ದೊಡ್ಡದಾದರೆ ಟರ್ಬೊ ಲ್ಯಾಗ್ ಹೆಚ್ಚುತ್ತದಂತೆ, ನಿಜವೇ?

ಉತ್ತರ: ಎದುರು ಗಾಳಿಗೆ ಒಡ್ಡಿಕೊಳ್ಳುವ ಮುಖ ಅಗಲವಾಗಿರಲಿ. ಕೋರ್ ದಪ್ಪವಾದಷ್ಟೂ ಅದರ ಹಿಂಭಾಗಕ್ಕೆ ತಲುಪುವ ಗಾಳಿ ಆಗಲೇ ಬಿಸಿಯಾಗಿರುತ್ತದೆ, ಹಿಂದಿರುವ ಎ.ಸಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಗಾಳಿ ಸಾಲದಾಗುತ್ತದೆ. ಲ್ಯಾಗ್, ಅಂದರೆ ಪೆಡಲ್ ಒತ್ತಿದ ಮೇಲೆ ಬೂಸ್ಟ್ ಬರಲು ಹಿಡಿಯುವ ಹೊತ್ತು, ಅದರ ಭಯ ಅತಿಯಾದದ್ದು. ಒಳಗಿನ ಜಾಗ 5 ಲೀಟರ್ ಹೆಚ್ಚಿದರೂ 1 ಬಾರ್ ಬೂಸ್ಟಿಗೆ ಬೇಕಾಗುವ ಹೆಚ್ಚುವರಿ ಗಾಳಿ ಸುಮಾರು 6 ಗ್ರಾಂ. ಸೆಕೆಂಡಿಗೆ 100 ಗ್ರಾಂ ಗಾಳಿ ಎಳೆಯುವ ಎಂಜಿನ್ನಿಗೆ ಅದು ಲೆಕ್ಕಕ್ಕೇ ಇಲ್ಲ. ಕಾಡುವುದು ಒತ್ತಡದ ನಷ್ಟ. ಕೋರ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ 2 ಪಿಎಸ್‌ಐಗಿಂತ (ಸುಮಾರು 0.14 ಬಾರ್) ಹೆಚ್ಚು ಬಿದ್ದರೆ, ಅದನ್ನು ತುಂಬಿಕೊಡಲು ಟರ್ಬೊ ಇನ್ನಷ್ಟು ತಿರುಗಿ ಗಾಳಿಯನ್ನು ಮತ್ತಷ್ಟು ಬಿಸಿ ಮಾಡುತ್ತದೆ. ಪೈಪುಗಳು 2ರಿಂದ 2.5 ಇಂಚು ಸಾಕು.

ಪ್ರಶ್ನೆ: ಮನೆಯಲ್ಲೇ ಜೋಡಿಸಬೇಕೆಂದಿದ್ದೇನೆ. ಎಲ್ಲಿ ಎಡವುತ್ತಾರೆ?

ಉತ್ತರ: ಎಂಜಿನ್ ಪೂರ್ತಿ ತಣ್ಣಗಾಗಲಿ. ಬಂಪರ್ ಬಳಿ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ, ಹಾಗಾಗಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಟ್ಟು ಕೈಹಾಕಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಬಿಚ್ಚಿದ ಪ್ರತಿ ಬಾಯಿಗೂ ತಕ್ಷಣ ಟೇಪ್ ಸುತ್ತಿ. ಇಂಟರ್‌ಕೂಲರ್‌ನಿಂದ ಎಂಜಿನ್ನಿಗೆ ಹೋಗುವ ಪೈಪಿನೊಳಗೆ ಬಿದ್ದ ಒಂದು ವಾಷರ್ ಥ್ರಾಟಲ್ ದಾಟಿ ಸಿಲಿಂಡರಿಗೆ ಹೋಗಬಲ್ಲದು. ಎ.ಸಿ. ಪೈಪು ಅಡ್ಡ ಬಂದರೆ ಬಿಚ್ಚಬೇಡಿ, ಒಳಗೆ ಒತ್ತಡದ ಗ್ಯಾಸ್ ಇದೆ. ಬಂಪರ್ ಹಿಂದಿನ ಕ್ರ್ಯಾಶ್ ಬೀಮ್ ಕೊರೆದು ಜಾಗ ಮಾಡಿಕೊಳ್ಳುವುದಂತೂ ಕೂಡದು. ಅದನ್ನು ಕೊರೆಯದೆ ಕೂರದ ಇಂಟರ್‌ಕೂಲರ್ ನಿಮ್ಮ ಕಾರಿನದಲ್ಲ.

ಹೊಸ ಕೋರನ್ನು ಹಾಕುವ ಮೊದಲು ಒಳಗೆ ಗಾಳಿ ಊದಿ, ವೆಲ್ಡಿಂಗ್ ಚೂರುಗಳು ಉದುರುತ್ತವೆಯೇ ನೋಡಿ. ಬ್ರಾಕೆಟ್ಟಿನಲ್ಲಿ ರಬ್ಬರ್ ಬುಷ್ ಇರಲಿ; ಬಿಗಿಯಾಗಿ ಕಟ್ಟಿದರೆ ಅದುರಿ ಅದುರಿ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಹೆಚ್ಚಿನವರು ಮರೆಯುವ ಕೆಲಸ ಇನ್ನೊಂದಿದೆ: ಕೋರ್‌ನ ಸುತ್ತ ಬಿಟ್ಟ ಸಂದಿ. ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಜಾರಿಹೋಗುತ್ತದೆ. ಗ್ರಿಲ್ಲಿನಿಂದ ಕೋರ್‌ವರೆಗೆ ಫೋಮ್ ಪಟ್ಟಿ, ಪ್ಲಾಸ್ಟಿಕ್ ಹಾಳೆ ಕೂರಿಸಿ ಆ ಸಂದಿ ಮುಚ್ಚಿ. ಇದಿಲ್ಲದಿದ್ದರೆ ದೊಡ್ಡ ಕೋರ್ ಕೊಂಡದ್ದರ ಅರ್ಧ ಫಲ ಕೈಗೆ ಬರುವುದಿಲ್ಲ.

ಪ್ರಶ್ನೆ: ಹೊಸದು ಹಾಕಿದ ಮೇಲೆ ಸಿಲಿಕೋನ್ ಹೋಸ್ ಎರಡು ಸಲ ಕಳಚಿಕೊಂಡಿತು. ಈಗ ಪೆಡಲ್ ಒತ್ತಿದರೆ ಉಸ್ ಎನ್ನುವ ಸದ್ದು, ಹೊಗೆ ಕಪ್ಪಗೆ.

ಉತ್ತರ: ಕಪ್ಪು ಹೊಗೆಯ ಕಾರಣ ಸರಳ. ನಿಮ್ಮದು ಏರ್ ಫ್ಲೋ ಮೀಟರ್ ಇರುವ ಕಾರಾದರೆ, ಅಳೆದ ಗಾಳಿಗೆ ತಕ್ಕಷ್ಟು ಇಂಧನ ಬೀಳುತ್ತದೆ, ಗಾಳಿ ಮಾತ್ರ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗೆಯೇ ಓಡಿಸಿದರೆ ಬೂಸ್ಟ್ ತುಂಬಿಸಲು ಟರ್ಬೊ ಮಿತಿ ಮೀರಿ ತಿರುಗುತ್ತದೆ. ದಯವಿಟ್ಟು ಇಂದೇ ನಿಲ್ಲಿಸಿ.

ಪೈಪಿನ ತುದಿಗೆ ಬೆರಳಾಡಿಸಿ. ಸುತ್ತಲೂ ಉಬ್ಬಿದ ಅಂಚು ಇರಬೇಕು. ನುಣ್ಣಗಿದ್ದರೆ ಯಾವ ಕ್ಲಾಂಪೂ ನಿಲ್ಲದು, ಅಂಚು ಮಾಡಿಸಿ. ಪೈಪು, ಹೋಸ್ ಎರಡರಿಂದಲೂ ಎಣ್ಣೆಪಸೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ, ಜಾರಲೆಂದು ಗ್ರೀಸ್ ಹಚ್ಚಬೇಡಿ. ಹೋಸ್ ಅಂಚು ದಾಟಿ ಒಳಹೋಗಲಿ, ಕ್ಲಾಂಪ್ ಅಂಚಿನ ಹಿಂದೆ ಕೂರಲಿ. ಸೀಳುಗಳಿರುವ ಮಾಮೂಲಿ ಕ್ಲಾಂಪ್ ಸಿಲಿಕೋನನ್ನು ಕೊಯ್ಯುತ್ತದೆ. ಟಿ-ಬೋಲ್ಟ್ ಕ್ಲಾಂಪ್ ಹಾಕಿ, ನಾಲ್ಕಾರು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ಬಿಗಿಮಾಡಿ.

ಆಮೇಲೆ ಸೋರಿಕೆ ಪರೀಕ್ಷೆ. ಎಂಜಿನ್ ಆಫ್ ಇರಲಿ. ಟರ್ಬೊ ಗಾಳಿ ಎಳೆಯುವ ಬಾಯಿಗೆ ವಾಲ್ವ್ ಇರುವ ಮುಚ್ಚಳ ಬಿಗಿದು, ಅಲ್ಲಿಗೆ ಸೇರುವ ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸನ್ನು (ಎಂಜಿನ್ನಿನ ಎಣ್ಣೆ ಆವಿ ಹೊರಬರುವ ಕೊಳವೆಯನ್ನು) ಬಿಚ್ಚಿ ಆ ತೂತು ಮುಚ್ಚಿ. ಇಲ್ಲದಿದ್ದರೆ ಒತ್ತಡ ಆಯಿಲ್ ಸೀಲುಗಳ ಮೇಲೆ ಬೀಳುತ್ತದೆ. ರೆಗ್ಯುಲೇಟರ್ ಇಟ್ಟುಕೊಂಡು ನಿಧಾನವಾಗಿ ಕಾರಿನ ಬೂಸ್ಟಿನಷ್ಟಕ್ಕೆ ಏರಿಸಿ, ಮೀರಬೇಡಿ. ಮುಚ್ಚಳ ಹಾರಬಹುದು, ಅದರ ಎದುರು ನಿಲ್ಲಬೇಡಿ. ಪ್ರತಿ ಜೋಡಣೆಗೂ ಸೋಪಿನ ನೀರು ಚಿಮುಕಿಸಿ. ನೊರೆ ಎದ್ದಲ್ಲಿ ಸೋರಿಕೆ. ಒತ್ತಡದ ಮೀಟರಿನ ಮುಳ್ಳು ಮೆಲ್ಲಗೆ ಇಳಿದರೆ ಗಾಬರಿ ಬೇಡ, ತೆರೆದ ವಾಲ್ವುಗಳ ಮೂಲಕ ಎಂಜಿನ್ನಿನೊಳಗೆ ಸ್ವಲ್ಪ ಗಾಳಿ ಹೋಗುತ್ತದೆ.

ಪ್ರಶ್ನೆ: ಹಳೆಯ ಇಂಟರ್‌ಕೂಲರ್ ಒಳಗೆ ಎಣ್ಣೆ ಕಂಡಿತು. ಟರ್ಬೊ ಹೋಯಿತೇ?

ಉತ್ತರ: ತೆಳುವಾದ ಪಸೆ ಸಹಜ, ಬ್ರೀದರ್‌ನಿಂದ ಬರುತ್ತದೆ. ಬಗ್ಗಿಸಿದಾಗ ಧಾರೆಯಾಗಿ ಸುರಿದರೆ ಟರ್ಬೊ ಸೀಲು ಪರೀಕ್ಷಿಸಿ. ಡೀಸೆಲ್ ಕಾರಾದರೆ ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ, ಆ ಎಣ್ಣೆಯನ್ನೇ ಕುಡಿದು ಎಂಜಿನ್ ಹತೋಟಿ ತಪ್ಪಿ ಓಡಬಹುದು. ಎಣ್ಣೆಯಲ್ಲಿ ಲೋಹದ ಚೂರು ಮಿನುಗಿದರೆ ಆ ಕೋರನ್ನು ತೊಳೆದು ಬಳಸುವ ಯೋಚನೆ ಬಿಡಿ; ಒಳಗಿನ ಫಿನ್ನುಗಳಲ್ಲಿ ಸಿಕ್ಕಿಕೊಂಡ ಚೂರು ತೊಳೆದರೆ ಬರುವುದಿಲ್ಲ, ಬೂಸ್ಟ್ ಬಂದಾಗ ಬರುತ್ತದೆ.